ಮೇಜಿನ ಮೇಲೆ ಬಿದ್ದ ಹುಣಸೆಮರದ ಹೊಲ

ಆ ಮಂಗಳವಾರ ಬೆಳಿಗ್ಗೆ ನಾನು ಅವರೆಕಾಳು ಹಿತಕುತ್ತಾ ಕೂತಿದ್ದೆ. ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಈ ಕೆಲಸಕ್ಕೆ ಕೂತಾಗ ನಾನು ಕಾಳಿಗೊಂದರಂತೆ ದೇವರ ನಾಮ ಹೇಳಿಕೊಳ್ಳುತ್ತೇನೆ. ಕೆಲಸವೂ ಸಾಗುತ್ತದೆ, ಪುಣ್ಯವೂ ಬರುತ್ತದೆ, ನಡುವೆ ಎಣಿಕೆ ತಪ್ಪಿದರೆ ದೇವರು ಬಯ್ಯುವುದಿಲ್ಲ. ಅರ್ಧ ಪಾತ್ರೆ ಆಗಿತ್ತೋ ಏನೋ, ಊರಿಂದ ಅಕ್ಕನ ಫೋನು ಬಂತು.

ಅಕ್ಕ ಅಂದರೆ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾವಿರುವುದು ರಾಮನಗರದಲ್ಲಿ. ಅವರಿರುವುದು ಕೂಟಗಲ್ ಹತ್ತಿರದ ನಮ್ಮ ಊರಿನಲ್ಲಿ, ಹಳೇ ಮನೆಯಲ್ಲಿ. ಒದ್ದೆ ಕೈಯಾದ್ದರಿಂದ ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ.

“ಏನ್ ತಾಯೀ, ಎಂಥ ಕೆಲ್ಸ ಮಾಡ್ಬುಟ್ರಿ ನೀವು?” ಅಕ್ಕನ ದನಿ ಅತ್ತು ಮುಗಿಸಿದ ದನಿ.

“ಏನಾಯ್ತಕ್ಕ?”

“ನಿಮ್ ಭಾವ ನಿನ್ನೆಯಿಂದ ಒಂದು ತುತ್ತು ಉಂಡಿಲ್ಲ ಕಣವ್ವ. ನಿನ್ ಗಂಡ ಹುಣಸೆಮರದ ಹೊಲನ ಸೈಟ್ ಮಾಡಿ, ದಾಳ ಹಾಕಿ ಹಂಚ್ತಾವ್ನಂತೆ. ಡೇರಿಯೋನು ಕಣ್ಣಾರ ನೋಡ್ಕಂಡು ಬಂದವ್ನೆ. ಇವ್ರು ಬೆಳಿಗ್ಗೆನೇ ಒಲೆ ಬೂದಿ ಮೊರಕ್ಕೆ ತುಂಬ್ಕಂಡು ಓಗಿ ಕಣದ ಮಧ್ಯಕ್ಕೆ ಗೆರೆ ಎಳ್ದವ್ರೆ. ಶುಕ್ರವಾರ ಮಿಷನ್ ಬತ್ತದೆ. ಎರಡು ರಾಶಿ ಅಂತೆ.”

ನನ್ನ ಬೆರಳಿನಲ್ಲಿದ್ದ ಕಾಳು ಹಾಗೇ ನಿಂತಿತು.

ನಮ್ಮಲ್ಲಿ ಕಣಕ್ಕೆ ಒಂದು ಕಟ್ಟಳೆ ಇದೆ. ಈಗ ಎತ್ತು ಕಟ್ಟಿ ತುಳಿಸುವವರಿಲ್ಲ, ಮಿಷನ್ನು ಬಂದು ಅರ್ಧ ದಿನದಲ್ಲಿ ಒಕ್ಕಿ ಹೋಗುತ್ತದೆ. ಆದರೂ ಬಂದ ರಾಗಿಯನ್ನೆಲ್ಲ ಒಂದೇ ರಾಶಿ ಮಾಡಿ, ನೆತ್ತಿಗೆ ಸಗಣಿಯ ಬೆನಕನನ್ನು ಇಟ್ಟು, ಗರಿಕೆ ಸಿಕ್ಕಿಸಿ, ಅಣ್ಣತಮ್ಮ ಒಟ್ಟಿಗೆ ನಿಂತು ಕಾಯಿ ಒಡೆಯುವುದು ಮಾತ್ರ ಬಿಟ್ಟಿಲ್ಲ. ಒಂದೇ ಕಣದಲ್ಲಿ ಎರಡು ರಾಶಿ ಬಿದ್ದು ಎರಡು ಕಾಯಿ ಒಡೆದರೆ ಮನೆ ಎರಡಾಯಿತು ಎಂದೇ ಅರ್ಥ. ಅದಕ್ಕೆ ಕಾಗದ ಪತ್ರ ಬೇಕಿಲ್ಲ, ಪಂಚಾಯ್ತಿಯೂ ಬೇಕಿಲ್ಲ. ಹಾಗೆ ಎರಡಾದ ಮನೆ ಮತ್ತೆ ಸೇರಿದ್ದನ್ನು ನಾನು ಕಂಡಿಲ್ಲ. ಮಾವ ತೀರಿಕೊಂಡ ಮೇಲೂ ಪಾಲಾಗದೆ ಉಳಿದ ಮನೆ ನಮ್ಮದು. ನನಗೆ ಜಮೀನಿನ ಆಸೆ ಇಲ್ಲ. ಆದರೆ ನನ್ನ ಮಗಳಿಗೆ ಮೂರು ತಿಂಗಳಿರುವಾಗ ನಾನು ಕಾಮಾಲೆಯಿಂದ ಮಲಗಿದ್ದಾಗ, ತನ್ನ ಮಗುವನ್ನು ಒಂದು ಮಗ್ಗುಲಿಗೂ ನನ್ನ ಮಗುವನ್ನು ಇನ್ನೊಂದು ಮಗ್ಗುಲಿಗೂ ಹಾಕಿಕೊಂಡು ಹಾಲೂಡಿಸಿದವಳು ಈ ಅಕ್ಕ. ಆ ಮನೆಯ ಹೊಸ್ತಿಲು ನನಗೆ ನೆಂಟರ ಮನೆ ಹೊಸ್ತಿಲಾಗುವುದೆಂದರೆ ಏನೆಂದು ನನಗೆ ಗೊತ್ತು.

ಅದೂ ಯಾವುದಕ್ಕೋಸ್ಕರ? ಒಂದು ಆಟಕ್ಕೋಸ್ಕರ. ಆ ಆಟದ ವಿಷಯ ಈಗ ಹೇಳಲೇಬೇಕು, ಹೇಳಲು ನಾಚಿಕೆಯಾದರೂ.

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವಯಸ್ಸು ಐವತ್ತು ದಾಟಿದೆ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಇನ್ನೂ ಮೂವರು ನಮ್ಮ ಮನೆಗೆ ಬರುತ್ತಾರೆ. ಒಬ್ಬರು ರಿಟೈರಾದ ಪೋಸ್ಟ್ ಮಾಸ್ಟರು, ಒಬ್ಬರು ಮೆಡಿಕಲ್ ಶಾಪಿನವರು, ಇನ್ನೊಬ್ಬರು ಗೊಬ್ಬರದ ಅಂಗಡಿಯವರು. ಎಲ್ಲರ ತಲೆಯೂ ನೆರೆತಿದೆ, ಇಬ್ಬರಿಗೆ ಸಕ್ಕರೆ ಕಾಯಿಲೆ. ಈ ನಾಲ್ವರೂ ಮೇಜಿನ ಸುತ್ತ ಕೂತು ಕತೆ ಕಟ್ಟುತ್ತಾರೆ. ಕತೆ ಹೇಳುವವರು ನಮ್ಮವರು. ಉಳಿದವರು ಕತೆಯೊಳಗಿನ ಪಾತ್ರಗಳು. “ಈಗ ಗುಹೆ ಬಾಗಿಲು ಮುಚ್ಚಿದೆ, ಏನು ಮಾಡ್ತೀರಿ?” ಎಂದು ಇವರು ಕೇಳಬೇಕು, “ಒದೀತೀನಿ” ಎಂದು ಅವರು ಹೇಳಬೇಕು. ಬಾಗಿಲು ಮುರಿಯಿತೋ ಇಲ್ಲವೋ ಎಂದು ತಿಳಿಯಲು ಇಪ್ಪತ್ತು ಮುಖದ ಒಂದು ದಾಳ ಉರುಳಿಸಬೇಕು. ಪೋಸ್ಟ್ ಮಾಸ್ಟರು ಮಂತ್ರವಾದಿ. ಮಂಡಿನೋವಿಗೆ ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಲಾರದೆ ಗೋಡೆ ಹಿಡಿಯುವವರು ಮೇಜಿನ ಮುಂದೆ ಕೂತೊಡನೆ ಆಕಾಶದಲ್ಲಿ ಹಾರುತ್ತಾರೆ. ಗೊಬ್ಬರದ ಅಂಗಡಿಯವರು ಯೋಧ. ನಮ್ಮ ಬೀದಿಯ ನಾಯಿ ಬೊಗಳಿದರೆ ಗೇಟಿನ ಹೊರಗೆ ನಿಂತು, “ಅಮ್ಮಾ, ಒಸಿ ನಾಯಿ ಹಿಡ್ಕಳ್ಳಿ” ಎಂದು ಕೂಗುವ ಯೋಧ.

ಬರೀ ಬಾಯಲ್ಲಿ ಆಡಿಕೊಂಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಇವರಿಗೆ ನಕ್ಷೆ ಬೇಕು. ಕೊರೋನಾ ಕಾಲದಲ್ಲಿ ಟ್ಯೂಷನ್ನಿಗೆಂದು ತಂದ ಪ್ರೊಜೆಕ್ಟರು ಅಟ್ಟದಲ್ಲಿ ಬಿದ್ದಿತ್ತು. ಅದನ್ನು ಕೆಳಮುಖ ಮಾಡಿ ಹಜಾರದ ಸೂರಿಗೆ ನೇತುಹಾಕಿದರು. ಯಾವುದಕ್ಕೆ ಗೊತ್ತೇ? ನನ್ನ ಮಗಳ ತೊಟ್ಟಿಲು ಕಟ್ಟಿದ್ದ ಕೊಂಡಿಗೆ. ತೊಟ್ಟಿಲು ಬಿಚ್ಚಿದ ಮೇಲೂ ಶುಕ್ರವಾರ ಶುಕ್ರವಾರ ಅರಿಸಿನ ಕುಂಕುಮ ಹಚ್ಚಿಕೊಂಡು ಬಂದ ಕೊಂಡಿ ಅದು. ಈಗ ಅದರಿಂದ ರಾಕ್ಷಸರ ಕೋಟೆ ಇಳಿಯುತ್ತದೆ. ಮೇಜಿನ ಮೇಲೆ ನನ್ನ ಬಿಳೀ ಹಾಸಿಗೆ ಬಟ್ಟೆ ಹಾಸಿ, ಕಿಟಕಿಗೆಲ್ಲ ಪರದೆ ಎಳೆದು, ಗುಂಡಿ ಒತ್ತಿದರೆ ಬಟ್ಟೆಯ ಮೇಲೆ ಕೋಟೆ, ಕಂದಕ, ಕಾಡು, ಸೇತುವೆ. ಎಲ್ಲದರ ಮೇಲೆ ಚೌಕ ಚೌಕ ಗೆರೆ. ಪಾತ್ರದವರು ಹೆಜ್ಜೆ ಇಟ್ಟಷ್ಟು ಜಾಗ ಮಾತ್ರ ಬೆಳಕಾಗಬೇಕಂತೆ, ಉಳಿದದ್ದು ಕಪ್ಪಾಗಿರಬೇಕಂತೆ. ಹಾಗೆ ಒಂದೊಂದೇ ಚೂರು ತೆರೆಯುತ್ತಾ ಇವರು ಲ್ಯಾಪ್‌ಟಾಪಿನ ಮುಂದೆ ಬ್ರಹ್ಮನ ಹಾಗೆ ಕೂರುತ್ತಾರೆ. ನಡೆದಾಡುವ ಪಾತ್ರಗಳಿಗೆ ಚನ್ನಪಟ್ಟಣದಿಂದ ತಂದ ಮರದ ಗೊಂಬೆಗಳು. ಮಂತ್ರವಾದಿಯ ಜಾಗದಲ್ಲಿ ಒಂದು ಹಳದಿ ಕೋಳಿಮರಿ ನಿಂತಿದ್ದನ್ನು ನಾನೇ ನೋಡಿದ್ದೇನೆ.

ಒಂದು ಭಾನುವಾರ ನಮ್ಮವರು ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದರು, “ನೋಡು, ದೇವರಮನೆ ಬಾಗಿಲು ಒಂಚೂರು ಮುಂದೆ ಮಾಡು. ದೀಪದ ಬೆಳಕು ಮೇಜಿಗೆ ಬೀಳ್ತಾ ಇದೆ. ನಕ್ಷೆ ಮಂಕಾಗುತ್ತೆ.”

“ದೇವರ ದೀಪಕ್ಕೆ ಮಂಕಾಗೋ ಕೋಟೆ ಇದ್ದರೆಷ್ಟು, ಬಿದ್ದರೆಷ್ಟು?” ಎಂದೆ. ಬಾಗಿಲು ಮುಚ್ಚಲಿಲ್ಲ. ಇವತ್ತಿಗೂ ಮುಚ್ಚಿಲ್ಲ.

ಹಾಗೆಂದು ನಾನು ಕೃತಘ್ನಳಲ್ಲ. ಈ ನಾಲ್ವರು ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ದುಡ್ಡು ಕಟ್ಟುವುದಿಲ್ಲ, ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಾರೆ. ಕೋಡುಬಳೆ ಸುಟ್ಟಿದ್ದರೂ ಚೆನ್ನಾಗಿದೆ ಎನ್ನುತ್ತಾರೆ. ದೇವರು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಬೇರೆ ಹೆಂಗಸರ ಗಂಡಂದಿರು ಭಾನುವಾರ ಏನೇನು ಮಾಡುತ್ತಾರೆಂದು ನನಗೂ ಗೊತ್ತು. ಆದರೂ ಒಬ್ಬ ಮೇಷ್ಟ್ರು, “ಅಯ್ಯೋ, ಸೇತುವೆ ಮುರೀತು!” ಎಂದು ಹಾಸಿಗೆ ಬಟ್ಟೆಯನ್ನು ನೋಡಿ ಕೂಗುವುದನ್ನು ಕೇಳಿದಾಗ ಕೈಯಲ್ಲಿರುವ ಸೌಟು ನಾಚುತ್ತದೆ.

ಆ ಹಿಂದಿನ ಭಾನುವಾರ ನಡೆದದ್ದು ಇಷ್ಟು. ಎಷ್ಟು ದಿನ ಪರದೇಶದ ಕೋಟೆಯನ್ನೇ ಹಾಕುವುದು, ನಮ್ಮ ಊರಿನದೇ ನಕ್ಷೆ ಮಾಡುತ್ತೇನೆ ಎಂದು ನಮ್ಮವರಿಗೆ ಹುಕಿ ಹುಟ್ಟಿತು. ಎರಡು ವಾರ ಕೂತು ಕಂಪ್ಯೂಟರಿನಲ್ಲಿ ನೆನಪಿನಿಂದಲೇ ಬರೆದರು. ಹುಣಸೆಮರದ ಹೊಲ, ಹಳ್ಳದ ಗದ್ದೆ, ಬಾವಿ, ಮುನೇಶ್ವರನ ಅರಳಿಮರ. ಒಂದೊಂದರ ಮೇಲೂ ದಪ್ಪ ಕನ್ನಡ ಅಕ್ಷರದಲ್ಲಿ ಹೆಸರು. ಅದರ ಮೇಲೆ ಮಾಮೂಲಿನ ಚೌಕಗಳು.

ಅದೇ ಮಧ್ಯಾಹ್ನ ನಮ್ಮೂರ ಡೇರಿಯಲ್ಲಿ ಹಾಲು ಅಳೆಯುವಾತ, ಅಕ್ಕ ಕೊಟ್ಟ ಸೊನೆ ಅವರೆಕಾಯಿ ಚೀಲ ಹಿಡಿದು ಬಂದ. ನಾನು ಮಂಗಳವಾರ ಹಿತಕುತ್ತಿದ್ದ ಕಾಳು ಆ ಚೀಲದ್ದೇ. ಚೀಲ ಒಳಗಿಟ್ಟು ಕಾಫಿಗೆ ಹಾಲಿಟ್ಟೆ. ಅಷ್ಟರಲ್ಲಿ ಆತ ಹಜಾರದ ಬಾಗಿಲಿಗೆ ಬಂದು ನಿಂತ. ಕತ್ತಲೆ ಕೋಣೆ, ನಡುವೆ ಬೆಳಗುವ ಮೇಜು, ಮೇಜಿನ ಮೇಲೆ ಹುಣಸೆಮರದ ಹೊಲ, ಹೊಲದ ತುಂಬ ಚೌಕಗಳು, ಸುತ್ತ ನಾಲ್ಕು ತಲೆ. ಆ ನಾಲ್ಕರಲ್ಲಿ ಒಂದು ಗೊಬ್ಬರದ ಅಂಗಡಿಯವರದು. ಅವರು ಗೊಬ್ಬರದ ಜೊತೆ ಸೈಟಿನ ಬ್ರೋಕರ್ ಕೆಲಸವನ್ನೂ ಮಾಡುತ್ತಾರೆ ಎಂಬುದು ತಾಲ್ಲೂಕಿಗೇ ಗೊತ್ತು. ಎಲ್ಲೆಲ್ಲಿ ‘ಸೈಟುಗಳು ಮಾರಾಟಕ್ಕಿವೆ’ ಎಂಬ ಬೋರ್ಡು ಇದೆಯೋ ಅಲ್ಲೆಲ್ಲ ಅವರ ಫೋನ್ ನಂಬರು ಇದೆ.

“ಮರದ ಕೆಳಗಿನ ನಾಕು ಚೌಕ ನಂಗೆ ಬುಟ್ಬುಡಿ,” ಎಂದರು ಪೋಸ್ಟ್ ಮಾಸ್ಟರು. ನನಗೆ ಅಡುಗೆಮನೆಗೇ ಕೇಳಿಸಿತು.

“ಬಾವಿ ತನಕ ನಂದು. ದಾಳ ಬಿದ್ರೆ ಅದರಾಚೇದೂ ನಂದೇ,” ಎಂದರು ಗೊಬ್ಬರದ ಅಂಗಡಿಯವರು. ದಾಳ ಉರುಳಿತು. ನಾಲ್ವರೂ ಹೋ ಎಂದರು.

ನಾನು ಲೋಟ ಹಿಡಿದು ಬರುವಷ್ಟರಲ್ಲಿ ಡೇರಿಯಾತ ಚಪ್ಪಲಿ ಮೆಟ್ಟುತ್ತಿದ್ದ. “ಬಸ್ಸಿಗೆ ಒತ್ತಾಯ್ತು ಕಣಕ್ಕ,” ಎಂದವನು ಕಾಫಿ ಮುಟ್ಟದೆ ಹೋದ. ಆಗಲೇ ನನಗೆ ತಿಳಿಯಬೇಕಿತ್ತು. ಆತ ಕಾಫಿ ಬಿಟ್ಟು ಹೋಗುವ ಗಿರಾಕಿಯಲ್ಲ. ಸೋಮವಾರ ಬೆಳಿಗ್ಗೆ ಊರಿನ ಅರ್ಧ ಜನ ಹಾಲಿನ ಕ್ಯಾನು ಹಿಡಿದು ಅವನ ಮುಂದೆ ಸಾಲು ನಿಂತಿರುತ್ತಾರೆ. ಒಂದು ಲೀಟರು ಅಳೆಯುವಷ್ಟರಲ್ಲಿ ಒಂದು ಮನೆ ಒಡೆಯುವಷ್ಟು ಮಾತು ಸುರಿಯಬಲ್ಲ. ಬೆಳಕು ಬಿದ್ದದ್ದನ್ನೆಲ್ಲ ರಿಜಿಸ್ಟರ್ ಆಯಿತು ಎಂದುಕೊಳ್ಳುವ ಅವನ ಬುದ್ಧಿಗೂ, ಹಾಸಿಗೆ ಬಟ್ಟೆಯಲ್ಲಿ ಸಾಮ್ರಾಜ್ಯ ಕಾಣುವ ನಮ್ಮವರ ಬುದ್ಧಿಗೂ ನಾನು ಹೆಚ್ಚು ವ್ಯತ್ಯಾಸ ಕಾಣೆ.

ಮಂಗಳವಾರ ಸಂಜೆ ಸ್ಕೂಲಿಂದ ಬಂದವರಿಗೆ ವಿಷಯ ಹೇಳಿದೆ. ನಕ್ಕರು! ಹೊಟ್ಟೆ ಹಿಡಿದುಕೊಂಡು ನಕ್ಕರು. “ಇರು, ಎರಡು ನಿಮಿಷದಲ್ಲಿ ಅಣ್ಣಂಗೆ ಅರ್ಥ ಮಾಡಿಸ್ತೀನಿ,” ಎಂದು ಫೋನು ಮಾಡಿದರು.

“ಅಣ್ಣ, ಅದು ಬರೀ ಆಟ.”

“ಆಟನಾ?” ಭಾವನ ದನಿ ನನಗೂ ಕೇಳಿಸುತ್ತಿತ್ತು. “ಜಮೀನ್ ಮಡಗಿ ದಾಳ ಹಾಕಾ ಆಟಕ್ಕೆ ನಮ್ ಕಡೆ ಬೇರೆ ಹೆಸ್ರೈತೆ ಕಣ್ಲಾ.”

“ಮಡಗಿಲ್ಲಣ್ಣ. ಸುಮ್ನೆ ಕಲ್ಪನೆ ಮಾಡ್ಕೊಳ್ಳೋದು. ಅಲ್ಲಿ ಒಂದು ರಾಕ್ಷಸ ಇರುತ್ತೆ, ಅದನ್ನ ಇವರು ಹೋಗಿ...”

“ನಮ್ಮಪ್ಪ ಗೇದ ಹೊಲದಲ್ಲಿ ರಾಕ್ಷಸನ್ನ ತಂದು ಕೂರ್ಸಿದ್ಯೇನ್ಲಾ? ಬ್ರೋಕರ್ ಸಾಲ್ದು ಅಂತವಾ?” ಫೋನು ಕಟ್ಟಾಯಿತು.

ಎರಡು ನಿಮಿಷವೂ ಆಗಿರಲಿಲ್ಲ. ನಮ್ಮವರ ಮುಖದಿಂದ ನಗು ಇಳಿದು ಹೋಯಿತು. ಆಮೇಲೆ ಎರಡು ಸಲ ಮಾಡಿದರೂ ಭಾವ ಎತ್ತಲಿಲ್ಲ. ರಾತ್ರಿ ಮುದ್ದೆ ಮುರಿದರು, ನುಂಗಲಿಲ್ಲ. ಅಣ್ಣನಿಗೆ ಎದುರು ಮಾತಾಡಿ ಗೊತ್ತಿಲ್ಲದ ಮನುಷ್ಯ. ಗುಹೆ ಬಾಗಿಲು ಒದೆಯುವುದು ಹೇಗೆ ಎಂದು ಮೂವರಿಗೆ ಹೇಳಿಕೊಡುವವರು ಒಂದು ಫೋನಿನ ಮುಂದೆ ಕೈ ಕಟ್ಟಿ ಕೂತಿದ್ದರು.

“ನಾಳೆ ಊರಿಗೆ ಹೋಗೋಣ. ಆ ಯಂತ್ರನೂ ತಗೊಳ್ಳಿ,” ಎಂದೆ.

“ಅದ್ಯಾಕೆ?”

“ಡೇರಿಯೋನು ನೋಡಿದ್ದನ್ನ ಅವರೂ ನೋಡ್ಲಿ.”

ಬುಧವಾರ ಅವರು ರಜೆ ಹಾಕಿದರು. ನಾನು ದೇವರ ಮುಂದೆ ತುಪ್ಪದ ದೀಪವಿಟ್ಟು, ಹಿತಕಿದ ಬೇಳೆಯನ್ನು ಡಬ್ಬಿಗೆ ತುಂಬಿಕೊಂಡು ಹೊರಟೆ. ಬಸ್ಸಿನಲ್ಲಿ ನಮ್ಮವರು ಪ್ರೊಜೆಕ್ಟರನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಂಡಕ್ಟರು, “ಏನ್ ಸಾರ್, ಮಿಕ್ಸಿ ರಿಪೇರಿನಾ?” ಎಂದ. “ಹೂಂ,” ಎಂದರು. ಅವರು ಆ ದಿನ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಭಾವ ಜಗಲಿಯ ಮೇಲೆ ಕೂತಿದ್ದರು. ‘ಬಂದ್ಯಾ’ ಅನ್ನಲಿಲ್ಲ. ಕಾಲಿಗೆ ನೀರು ಕೊಡಲು ಅಕ್ಕನೇ ಚೊಂಬು ಹಿಡಿದು ಬಂದಳು. ಅವಳ ಕಣ್ಣು ಊದಿತ್ತು. ಮನೆಯ ಪಕ್ಕದಲ್ಲೇ ಕಣ. ಆಚೆ ರಾಗಿ ಮೆದೆ, ಈಚೆ ಬಯಲು, ಬಯಲಿನ ನಡುವೆ ನೆಟ್ಟಗೆ ಬೂದಿಯ ಗೆರೆ. ಒಂದು ದಿನದ ಗಾಳಿಗೂ ಅಳಿಸಿರಲಿಲ್ಲ, ಅಷ್ಟು ದಪ್ಪ ಹಾಕಿದ್ದರು. ನನ್ನ ಕಾಲು ಅದನ್ನು ದಾಟಲು ಒಪ್ಪಲಿಲ್ಲ. ಸುತ್ತಿಕೊಂಡು ಒಳಗೆ ಹೋದೆ.

ಹಳೇ ಮನೆಯ ನಡುಮನೆ ಹಟ್ಟಹಗಲಲ್ಲೂ ಕತ್ತಲೆ. ನಮ್ಮವರು ತೊಲೆಗೆ ಹಗ್ಗ ಹಾಕಿ ಪ್ರೊಜೆಕ್ಟರು ಕಟ್ಟಿದರು. ನೆಲಕ್ಕೆ ಭಾವನದೇ ಬಿಳೀ ಪಂಚೆ ಹಾಸಿದರು. “ಅಣ್ಣ, ಒಂದ್ಸಲ ಬಂದು ನೋಡಣ್ಣ, ಆಮೇಲೆ ಬೇಕಾದ್ರೆ ಹೊಡಿ,” ಎಂದು ಕರೆದರು. ಭಾವ ಬಂದು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತರು. ನಾನು ಅಡುಗೆಮನೆ ಬಾಗಿಲ ಮರೆಗೆ ನಿಂತೆ. ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಮದುವೆಯಾಗಿ ಬಂದಂದಿನಿಂದ ಅವರಿಗೆ ಹೇಳುವುದನ್ನೆಲ್ಲ ನಾನು ಅಕ್ಕನಿಗೇ ಹೇಳಿದ್ದು.

ಪಂಚೆಯ ಮೇಲೆ ಹುಣಸೆಮರದ ಹೊಲ ಬಿತ್ತು.

“ಈ ಚೌಕ ಎಲ್ಲ ಏನ್ಲಾ?”

“ಒಂದೊಂದು ಐದಡಿ ಅಣ್ಣ. ಯಾರು ಎಷ್ಟು ದೂರ ನಡೆದ್ರು ಅಂತ ಎಣಿಸಕ್ಕೆ.”

“ಐದಡಿ ಸೈಟಾ? ಕೋಳಿ ಗೂಡು ಕಟ್ತಾರಾ?”

ಯಾರೂ ನಗಲಿಲ್ಲ. ಭಾವನೂ ನಗಲಿಲ್ಲ. “ಆ ಬ್ರೋಕರ್ ಯಾಕ್ ಕೂತಿದ್ದ?”

“ಅವರು ಯೋಧ ಅಣ್ಣ.”

“ಅಂವ ಯೋಧ,” ಎಂದು ಭಾವ ಗೋಡೆಗೆ ಹೇಳಿದರು. ನಮ್ಮವರು ಮಂತ್ರವಾದಿ, ಕಳ್ಳ, ರಾಕ್ಷಸ ಎಂದು ವಿವರಿಸಿದಷ್ಟೂ ಭಾವನ ದವಡೆ ಬಿಗಿಯುತ್ತಿತ್ತು. “ಸಾಕು ನಿಲ್ಸು. ಗೆರೆ ಎಳ್ದಾಯ್ತು,” ಎಂದು ಏಳಲು ಮಂಡಿಗೆ ಕೈ ಕೊಟ್ಟರು.

ಆಗ ನನ್ನ ಕಣ್ಣಿಗೆ ಬಾವಿ ಬಿತ್ತು. ಅಲ್ಲಿಯವರೆಗೆ ನಾನು ಆ ನಕ್ಷೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನಮ್ಮವರು ಬಾವಿಯನ್ನು ಹುಣಸೆಮರದ ಬುಡದಲ್ಲಿ ಇಟ್ಟಿದ್ದರು! ಬಾವಿ ಇರುವುದು ಹಳ್ಳದ ಕಡೆ, ಹೊಲದ ಇನ್ನೊಂದು ತುದಿಗೆ. ಹೊಸ ಸೊಸೆಯಾಗಿ ಬಂದಾಗ ನಾನು ಗಂಗೆ ಪೂಜೆ ಮಾಡಿದ ಬಾವಿ ಅದು. ಮೂರು ಬೇಸಿಗೆ ಟೊಮ್ಯಾಟೊ ಸಸಿಗೆ ಅದರಿಂದ ನೀರು ಹೊತ್ತಿದ್ದೇನೆ. ಅದೂ ಸಾಲದೆ ಮುನೇಶ್ವರನ ಅರಳಿಮರವನ್ನು ಬೇಲಿಯಾಚೆ ಪಕ್ಕದವರ ಹೊಲಕ್ಕೆ ದಾಟಿಸಿದ್ದರು. ಮರದ ಕೆಳಗೆ, ನಾವು ಕೈಮುಗಿಯುವ ಕಲ್ಲಿನ ಜಾಗದಲ್ಲಿ, ಕೋರೆಹಲ್ಲಿನ ಒಂದು ರಾಕ್ಷಸ ಕೂತಿತ್ತು.

ಮರೆ, ಪದ್ಧತಿ, ಯಾವುದೂ ನೆನಪಿಗೆ ಬರಲಿಲ್ಲ. ನೇರ ಬಂದು ಪಂಚೆಯ ಮುಂದೆ ನಿಂತೆ.

“ಭಾವ, ಒಸಿ ಇಲ್ಲಿ ನೋಡಿ. ನಿಮ್ ತಮ್ಮ ಬಾವಿ ಎಲ್ಲಿ ಮಡಗವ್ರೆ ನೋಡಿ.”

ಭಾವ ಅರ್ಧ ಎದ್ದವರು ಹಾಗೇ ನಿಂತರು. ಅಕ್ಕ ಬಾಯಿಗೆ ಸೆರಗು ಹಿಡಿದಳು, ನಾನು ಮಾತಾಡಿದ್ದಕ್ಕೆ.

“ಯಾಕೆ, ಅಲ್ಲೇ ತಾನೇ ಇರೋದು?” ಎಂದರು ನಮ್ಮವರು.

ಭಾವ ಪಂಚೆಯ ಕಡೆ ತಿರುಗಿದರು.

“ಬಾವಿ ಹುಣಸೆಮರದ ತಾವೈತೇನ್ಲಾ?” ಭಾವ ಮೆಲ್ಲಗೆ ಕೇಳಿದರು.

“ಇಲ್ವಾ?”

“ಅದ್ರ ನೀರ್ ಕುಡ್ಕಂಡು ಬೆಳ್ದೋನು ಕಣ್ಲಾ ನೀನು!” ಭಾವ ಮತ್ತೆ ಕೂತು ಪಂಚೆಯ ಮೇಲೆ ಬಗ್ಗಿದರು. ಅವರ ಬೆರಳು ಬೆಳಕಿನ ಮೇಲೆ ಓಡಿತು. “ಹಳ್ಳ ಇಂಗೆ ತಿರುಗ್ತದಾ? ಇದ್ಯಾವ್ದು ಈ ಬದು? ಲೇ, ಪಕ್ಕದೋರ ಹೊಲನೂ ಅರ್ಧ ಸೇರಿಸ್ಕಂಡಿದ್ದೀಯಲ್ಲೋ! ಮುನೇಶ್ವರನ್ನ ಅವ್ರಿಗೆ ದಾನ ಕೊಟ್ಬುಟ್ಟವ್ನೆ!”

“ಭಾವ,” ಎಂದೆ ನಾನು, ಒಮ್ಮೆ ಬಾಯಿ ಬಿಟ್ಟಾಗಿತ್ತಲ್ಲ, “ಬಾವಿ ಎಲ್ಲೈತೆ ಅಂತ ಗೊತ್ತಿಲ್ದೋರು ಜಮೀನ್ ಮಾರಾರಾ? ಇವರನ್ನ ಮಾರಕ್ಕೆ ಕಳ್ಸಿದ್ರೂ ಪಕ್ಕದೋರ್ದ ಮಾರ್ಬುಟ್ಟು ಬರೋರು.”

ಮೊದಲು ನಕ್ಕಿದ್ದು ಅಕ್ಕ. ಸೆರಗಿನೊಳಗೇ ಪುಸಕ್ಕೆಂದಳು. ಆಮೇಲೆ ಭಾವ. ಎರಡು ದಿನ ಉಪವಾಸವಿದ್ದ ಹೊಟ್ಟೆ ಕುಲುಕಿ ಕೆಮ್ಮು ಬರುವವರೆಗೆ ನಕ್ಕರು. ನಮ್ಮವರು ನಗಲಿಲ್ಲ. ಮಕ್ಕಳಿಗೆ ಕ್ಷೇತ್ರಫಲ ಕಲಿಸುವ ಮೇಷ್ಟ್ರು ತನ್ನ ಕ್ಷೇತ್ರದ ಮುಂದೆ ತಲೆ ತಗ್ಗಿಸಿ, ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದರು. ಅಣ್ಣನ ಎದುರು ತನ್ನ ಮರ್ಯಾದೆ ತೆಗೆದಳೆಂದು ಆಮೇಲೆ ಎಂಟು ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ. ಆ ಹೊತ್ತಿಗೆ ಅವರ ಅಜ್ಞಾನವೊಂದೇ ಅವರ ಪರವಾಗಿ ಸಾಕ್ಷಿ ಹೇಳಲು ಸಿದ್ಧವಿತ್ತು. ನಾನು ಅದನ್ನೇ ಕರೆತಂದು ನಿಲ್ಲಿಸಿದೆ.

ಭಾವ ನನ್ನ ಕಡೆ ತಿರುಗಲಿಲ್ಲ. ಅಕ್ಕನಿಗೆ ಹೇಳಿದರು, “ಆವಮ್ಮ ಅಂದದ್ದು ದಿಟ ಅನ್ನು. ಉಣ್ಣಕ್ಕಿಕ್ಕು. ಅದೇನ್ ಡಬ್ಬೀಲಿ, ಹಿತಕಿದ ಬೇಳೆನಾ?”

ದೇವರು ದೊಡ್ಡವನು. ಬೇಳೆ ಹಳಸಿರಲಿಲ್ಲ. ಸಾರಿಗೆ ಕಾಯಿ ತುರಿದದ್ದು ಅಕ್ಕ, ಮುದ್ದೆ ತೊಳಸಿದ್ದು ನಾನು. ಭಾವ ಎರಡು ಮುದ್ದೆ ಉಂಡು ಮೂರನೆಯದಕ್ಕೆ ತಟ್ಟೆ ಚಾಚಿದರು. ಊಟವಾದ ಮೇಲೆ ನಮ್ಮವರ ಕೈಗೆ ತೆಂಗಿನಕಾಯಿ ಕೊಟ್ಟು, “ಮುನೇಶ್ವರಂಗೆ ಒಡ್ದು ತಪ್ಪಾಯ್ತು ಅಂದ್ಕಂಡು ಬಾ. ದಾರಿ ಗೊತ್ತಾ, ಜೊತೆಗೆ ಯಾರ್ನಾದ್ರೂ ಕಳಿಸ್ಲಾ?” ಎಂದರು. ನಮ್ಮವರು ಯಾರನ್ನೂ ಕೇಳದೆ ತಾವೇ ಹೋಗಿ ಬಂದರು. ಅದನ್ನೂ ಉಪಕಾರಗಳ ಲೆಕ್ಕಕ್ಕೇ ಸೇರಿಸಿಕೊಂಡೆ. ಆ ನಕ್ಷೆಯನ್ನು ಮಾತ್ರ ನನ್ನೆದುರೇ ಕಂಪ್ಯೂಟರಿನಿಂದ ಅಳಿಸಿ ಹಾಕಿಸಿದೆ. ಈಗ ಭಾನುವಾರ ನಮ್ಮ ಮೇಜಿನ ಮೇಲೆ ಮತ್ತೆ ಪರದೇಶದ ಕೋಟೆಗಳು. ಅಲ್ಲಿ ಬಾವಿ ಎಲ್ಲಿದ್ದರೆ ನಮಗೇನು.

ಗೆರೆಯ ಮಾತನ್ನು ಭಾವ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೊತ್ತು ಇಳಿಯುವಾಗ ಅಕ್ಕ ಕೊಟ್ಟಿಗೆಯಿಂದ ಮಂಕರಿಯಲ್ಲಿ ಸಗಣಿ ತಂದು, “ಮಿಷನ್ ಬರಕ್ಕೆ ಮುಂಚೆ ಕಣ ಸಾರಿಸ್ಬೇಕು, ಸೀರೆ ಒಸಿ ಮೇಲ್ ಕಟ್ಕೋ,” ಎಂದಳು. ನಾನು ಸೀರೆ ಮೇಲಕ್ಕೆ ಸಿಕ್ಕಿಸಿ, ಬಕೆಟ್ಟಿಗೆ ನೀರು ಹೊಯ್ದು ಬಗ್ಗಡ ಕಲಸಿದೆ. ಅವಳು ಮೆದೆಯ ಕಡೆಯಿಂದ, ನಾನು ಮನೆಯ ಕಡೆಯಿಂದ ಪೊರಕೆ ಹಿಡಿದು ಸಾರಿಸುತ್ತಾ ಬಂದೆವು. ನಡುವೆ ಬಂದಾಗ ಗೆರೆಯ ಬೂದಿ ಬಗ್ಗಡಕ್ಕೆ ಸೇರಿ ಕಪ್ಪಾಯಿತು. ಅದರ ಮೇಲೆ ಸಾರಿಸಲು ಇನ್ನೊಂದು ಬಕೆಟ್ಟು ಬೇಕಾಯಿತು. ತರಲು ಹೋದೆ.